ಕಾಲಿನ ಸಮಾಚಾರ

ಹಿಂದಕ್ಕೆ ಬಂದ ಲಾರಿ ಎಸ್ಟೇಟಿನ ಗೇಟಿನ ಕಂಬವನ್ನು ಉರುಳಿಸಿದಾಗ ಮನೆಯೊಳಗಿಂದ ಓಡಿ ಬಂದವರು ಯಜಮಾನಿ ನಂಜಮ್ಮ. ಕಂಬವನ್ನು ನೋಡಿದರು, ಲಾರಿಯನ್ನು ನೋಡಿದರು. ಬೈಯಲಿಲ್ಲ. ಸಂಜೆ ಜಗಲಿಗೆ ಬಾ ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಅಶ್ವಿನ್‌ಗೆ ಇಷ್ಟು ಭಯವಾಗುತ್ತಿರಲಿಲ್ಲ.

ವಸ್ತಾರೆಯ ಅಶ್ವಿನ್ ಹೊಸ ಡ್ರೈವರ್. ನಂಜಮ್ಮನ ಗಂಡ, ಮಲ್ಲಂದೂರಿನ ಚಂದ್ರಶೇಖರ ಗೌಡರ ಲಾರಿಯಲ್ಲಿ, ಬೀಜ ಹದಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಮೂಟೆ ಸಾಗಿಸುವುದೇ ಅವನ ಮೊದಲ ಕೆಲಸ. ಲಾರಿ ಹತ್ತುತ್ತೇನೆ ಎಂದಿದ್ದಕ್ಕೆ ಅಪ್ಪ ಬಹಳ ದಿನ ಮಾತು ಬಿಟ್ಟಿದ್ದರು. ಈ ಕೆಲಸ ಹೋದರೆ ಅವರ ಮುಂದೆ ತಲೆಯೆತ್ತುವ ಹಾಗಿರಲಿಲ್ಲ.

ಬ್ರೇಕ್ ಹಿಡಿಯಲಿಲ್ಲ ಎಂಬ ಕಥೆಯೊಂದನ್ನು ಹೊಸೆದುಕೊಂಡು ಅವನು ಸಂಜೆ ಹೋದ. ಗೌಡರು ಕ್ಲಬ್ಬಿಗೆ ಹೋಗಿದ್ದರು. ಮಗಳು ಮೇಘಶ್ರೀ ಕಾಫಿ ತಂದಿಟ್ಟು ಅಲ್ಲೇ ಕುಳಿತಳು. ನಂಜಮ್ಮ ಅವನ ಕಥೆಯನ್ನು ಅರ್ಧಕ್ಕೇ ತಡೆದರು.

"ಬ್ರೇಕಿನ ಸಮಾಚಾರ ಬೇಡ ಮಾರಾಯ. ನಿನ್ನ ಕಾಲಿನ ಸಮಾಚಾರ ಹೇಳು."

ಎಡಗಾಲು ಎಲ್ಲಿತ್ತು, ಕ್ಲಚ್ ಎಷ್ಟು ಬಿಟ್ಟಿದ್ದೆ, ಯಾವ ಕನ್ನಡಿ ನೋಡುತ್ತಿದ್ದೆ, ಆಗ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಒಂದೊಂದಾಗಿ ಕೇಳಿದರು. ತಲೆಯಲ್ಲಿ ಊಟದ ಯೋಚನೆ ಇತ್ತು ಎಂದು ಅಶ್ವಿನ್ ಕೊನೆಗೆ ಒಪ್ಪಿಕೊಂಡ. ನಂಜಮ್ಮ ಗಂಭೀರವಾಗಿ ತಲೆಯಾಡಿಸಿ ಅವನಿಗೆ ಕಡುಬು ಬಡಿಸಿದರು.

ಮುಂದಿನ ಸಲ ಇಳಿಜಾರಿನಲ್ಲಿ ಗೇರ್ ಇಳಿಸದೆ ಬ್ರೇಕನ್ನೇ ಒತ್ತಿ ಹೊಗೆ ಎಬ್ಬಿಸಿದ. ಮತ್ತೆ ಜಗಲಿ, ಮತ್ತೆ ವಿಚಾರಣೆ, ಮತ್ತೆ ಕಡುಬು. ಆಮೇಲೊಂದು ದಿನ ಸಂಸೆಯ ತೋಟದಿಂದ ಮೂಟೆ ತರುವಾಗ ದಟ್ಟ ಮಂಜು ಮುಸುಕಿತು. ಮುಂದಿನ ಪಿಕಪ್ಪಿನ ಕೆಂಪು ದೀಪವನ್ನೇ ನಂಬಿಕೊಂಡು ಹೋದ. ಪಿಕಪ್ ತನ್ನ ಮನೆಯಂಗಳ ಸೇರಿತು, ಹಿಂದೆಯೇ ಲಾರಿಯೂ ಸೇರಿತು. ಆ ಮನೆಯಲ್ಲಿ ನಾಮಕರಣ. ಯಾರೋ ನೆಂಟರೆಂದು ತಿಳಿದು ಅವರು ಎಲೆ ಹಾಕಿದರು, ಇವನು ಪಾಯಸದವರೆಗೂ ಸುಮ್ಮನಿದ್ದು ಉಂಡ. ಇದನ್ನು ಕೇಳಿ ಮೇಘಶ್ರೀ ನಕ್ಕು ನಕ್ಕು ಒಳಗೆ ಓಡಿದಳು. ನಂಜಮ್ಮ ನಗಲಿಲ್ಲ. ಮಂಜಿನಲ್ಲಿ ಯಾವ ದೀಪ ಹಾಕಿದ್ದೆ ಎಂದು ಕೇಳಿದರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಂಜಯ್ಯನಿಗೆ ಇದರ ಗುಟ್ಟು ಸ್ಪಷ್ಟವಾಗಿತ್ತು. "ಇಷ್ಟು ಹಾಳು ಮಾಡಿದವನನ್ನು ಕೂರಿಸಿ ಕಡುಬು ಹಾಕ್ತಾರೆ ಅಂದ್ರೆ ಎಂತ? ಅಳಿಯನ ಪರೀಕ್ಷೆ ಮಾರಾಯ," ಎಂದ. ತಾಯಿ ಮಗಳು ಪ್ರತಿ ಮಂಗಳವಾರ ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೋಗುವುದು ಒಡವೆ ಮಾಡಿಸಲಿಕ್ಕೇ ಎಂದೂ ಸೇರಿಸಿದ.

ಅಶ್ವಿನ್ ಮೊದಲು ನಂಬಲಿಲ್ಲ. ಆದರೆ ಒಂದು ಸಂಜೆ ನಂಜಮ್ಮ ತಾವಾಗಿಯೇ ಕೇಳಿದರು: "ಮನೇಲಿ ಬೇಡ ಅಂದ್ರಲ್ಲ, ಹೇಗೆ ಒಪ್ಪಿಸ್ದೆ?" ಹಟ ಹಿಡಿದೆ ಎಂದ. "ಗೌಡ್ರಿಗೆ ಈಗ್ಲೇ ಏನೂ ಹೇಳ್ಬೇಡ. ಎಲ್ಲ ಆದ್ಮೇಲೆ ನಾನೇ ಹೇಳ್ತೀನಿ," ಎಂದರು. ಆ ರಾತ್ರಿ ಅಶ್ವಿನ್‌ಗೆ ನಿದ್ದೆ ಬರಲಿಲ್ಲ.

ತೊಂದರೆ ಬೇರೆ ಕಡೆಯಿಂದ ಬಂತು. ಸಂಜೆ ಎಲ್ಲವನ್ನೂ ಒಪ್ಪಿಸಬೇಕಲ್ಲ ಎಂದು ಅವನು ಲಾರಿ ಓಡಿಸುವಾಗಲೇ ತನ್ನ ಕೈಕಾಲುಗಳನ್ನು ಗಮನಿಸತೊಡಗಿದ್ದ. ಹಾಗೆ ಗಮನಿಸುತ್ತ ತಪ್ಪುಗಳೇ ನಿಂತುಹೋದವು. ತಿರುವುಗಳು ಸಲೀಸಾದವು, ಕ್ಯೂರಿಂಗ್ ವರ್ಕ್ಸ್‌ನ ಇಕ್ಕಟ್ಟಿನ ಅಂಗಳದಲ್ಲಿ ಹಳಬರೇ ಅವನನ್ನು ಕರೆದು ತಮ್ಮ ಲಾರಿ ತಿರುಗಿಸಲು ಹೇಳಿದರು. ಒಳ್ಳೆಯ ಡ್ರೈವರ್ ಎಂಬ ಹೆಸರು ಬಂತು. ಜಗಲಿಯ ಕರೆ ಮಾತ್ರ ಬರಲಿಲ್ಲ. ತಪ್ಪಿಲ್ಲ ಎಂದರೆ ಕಾಫಿ ಇಲ್ಲ, ಮೇಘಶ್ರೀಯೂ ಇಲ್ಲ.

ಅವನು ಇಲ್ಲದ ತಪ್ಪುಗಳನ್ನು ಕಟ್ಟತೊಡಗಿದ. ಮೂಟೆ ತುಂಬಿದ ಲಾರಿಯನ್ನು ಏರಿನಲ್ಲಿ ಫಸ್ಟ್ ಗೇರಿನಿಂದ ನೇರ ನಾಲ್ಕಕ್ಕೆ ಹಾಕಿದೆ, ಆದರೂ ಹತ್ತಿತು ಎಂದು ಒಂದು ಸಂಜೆ ತಾನಾಗಿಯೇ ಹೋಗಿ ಹೇಳಿದ.

"ಸುಳ್ಳು," ಎಂದರು ನಂಜಮ್ಮ ಥಟ್ಟನೆ. "ಹಾಗೆ ಹಾಕಿದ್ರೆ ಇಂಜಿನ್ ಅಲ್ಲೇ ನಿಲ್ಲುತ್ತೆ. ನೋಡು, ನಿನ್ನಿಂದ ಇನ್ನು ಕೇಳೋದು ಏನೂ ಉಳಿದಿಲ್ಲ. ಮುಂದಿನ ಶುಕ್ರವಾರ ಹೊಸ ಲಾರಿಗೆ ಪೂಜೆ ಇದೆ. ಅಪ್ಪ ಅಮ್ಮನ್ನೂ ಕರ್ಕೊಂಡು ಬಾ."

ಇನ್ನೇನು ಬೇಕು? ಪರೀಕ್ಷೆ ಮುಗಿದಿತ್ತು. ಅಶ್ವಿನ್ ಹೊಸ ಅಂಗಿ ಹೊಲಿಸಿದ. ಶುಕ್ರವಾರ ಅಮ್ಮ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಬಂದರು. ಅಪ್ಪ ಕೂಡ ಲಾರಿಯ ಸುತ್ತ ಒಂದು ಸುತ್ತು ಬಂದು, ಕೆಲಸ ಏನೂ ಕೆಟ್ಟದ್ದಲ್ಲ ಬಿಡು ಎಂದರು. ಮೇಘಶ್ರೀ ರೇಷ್ಮೆ ಸೀರೆ ಉಟ್ಟಿದ್ದಳು. ನಂಜಮ್ಮ ಒಬ್ಬರೇ ಹತ್ತಿಯ ಸೀರೆ ಉಟ್ಟು ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಪಾಪ, ಅಡುಗೆಮನೆಯ ಕೆಲಸ ಇನ್ನೂ ಮುಗಿದಿಲ್ಲವೇನೋ ಎಂದು ಅಶ್ವಿನ್‌ನ ಅಮ್ಮ ಕನಿಕರಪಟ್ಟರು.

ಮಂಗಳಾರತಿ ಆಯಿತು. ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟರು. ಇನ್ನು ಯಾರಾದರೂ ಲಾರಿ ಹೊರಡಿಸಬೇಕು ಎಂದು ಗೌಡರು ಅಶ್ವಿನ್‌ನ ಕಡೆ ನೋಡಿದರು. ಅವನು ಅಂಗಿ ಸರಿಪಡಿಸಿಕೊಂಡು ಮುಂದೆ ಬರುವಷ್ಟರಲ್ಲಿ ನಂಜಮ್ಮ ಚಪ್ಪಲಿ ಬಿಟ್ಟು, ಡ್ರೈವರ್ ಸೀಟಿಗೆ ಹತ್ತಿ, ಬಾಗಿಲು ಹಾಕಿಕೊಂಡಾಗಿತ್ತು.

ಗೌಡರು ಮಗಳ ಕಡೆ ತಿರುಗಿದರು. ಅಮ್ಮನಿಗೆ ಹೋದ ಮಂಗಳವಾರ ಚಿಕ್ಕಮಗಳೂರಿನಲ್ಲಿ ಲಾರಿ ಓಡಿಸುವ ಹೆವಿ ಲೈಸೆನ್ಸ್ ಸಿಕ್ಕಿತು ಎಂದು ಮೇಘಶ್ರೀ ಮೆಲ್ಲನೆ ಅಪ್ಪನಿಗೆ ತಿಳಿಸಿದಳು. ನಿಂಬೆಹಣ್ಣುಗಳು ಒಟ್ಟಿಗೇ ಅಪ್ಪಚ್ಚಿಯಾದವು. ಲಾರಿ ಚೂರೂ ಕುಲುಕದೆ ಹೊರಟು, ತಟ್ಟೆ ಹಿಡಿದು ನಿಂತಿದ್ದ ಅಶ್ವಿನ್‌ನ ತಾಯಿಯ ಪಕ್ಕದಲ್ಲೇ ಸುತ್ತು ಹಾಕಿ ಅವನ ಮುಂದೆ ನಿಂತಿತು.

"ನಾಳೆಯಿಂದ ನಮ್ಮ ಮಹಿಳಾ ಸಂಘದ ಕುಸುಮಾ, ಪ್ರೇಮಲತಾನೂ ಕಲಿಯೋಕೆ ಬರ್ತಾರೆ," ಎಂದರು ನಂಜಮ್ಮ ಕಿಟಕಿಯಿಂದ ಬಗ್ಗಿ. "ನೀನೇ ಮೇಷ್ಟ್ರು. ಒಂದು ತಪ್ಪೂ ಬಿಡದೆ ಹೇಳ್ಕೊಡು."