ಅಜ್ಜನ ಕರಿ ಕೋಟು

ಟ್ರಂಕಿನಿಂದ ಡಾಂಬರು ಗುಳಿಗೆಯ ವಾಸನೆ ಬಂದರೆ ಇಂದಿಗೂ ಆ ಮಧ್ಯಾಹ್ನ ನೆನಪಾಗಿ ಹೊಟ್ಟೆ ಉರಿಯುತ್ತದೆ.

ನಾನು ಹುಟ್ಟುವ ಎಷ್ಟೋ ಮೊದಲು ಅಜ್ಜ ಕೊಪ್ಪಳದಲ್ಲಿ ವಕೀಲನಾಗಿ, ಮುಂದೆ ಜಡ್ಜಾಗಿದ್ದವನು. ಈಗ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅಂದು ಟ್ರಂಕಿನಿಂದ ತೆಗೆಸಿದ ಕಚೇರಿಯ ಕರಿ ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ತಾನು ಬರೆದ ಹಳೆಯ ತೀರ್ಪೊಂದನ್ನು ಅಣ್ಣನ ಮತ್ತು ನನ್ನ ಮುಂದೆ ಚಾಚಿದ.

"ಈ ಫೈಸಲಾ ತಪ್ಪಿಲ್ಲದ ಓದಿದವ್ರಿಗೆ ಕೋಟು."

ಅಜ್ಜ ಅದನ್ನು ಬರೆದದ್ದು ನಿಜಾಮರ ಕಾಲದಲ್ಲಿ, ಆಗ ಕಚೇರಿಯ ಕಾಗದವೆಲ್ಲ ಉರ್ದು. ಅಣ್ಣ ಅದನ್ನು ಕನ್ನಡ ಪುಸ್ತಕದಂತೆ ಎಡಗಡೆಯಿಂದ ತೆರೆದು, ಕೊನೆಯ ಪುಟವನ್ನೇ ಮೊದಲೆಂದು ತಿಳಿದು ತೊದಲಿದ. ಪಕ್ಕದ ಮನೆಯ ಬೀಬಿಯ ಹತ್ತಿರ ಕಸೂತಿಯ ಜೊತೆಗೆ ಉರ್ದುವನ್ನೂ ಕಲಿತಿದ್ದ ನಾನು ಕಸಿದುಕೊಂಡು ಪೂರ್ತಿ ಓದಿದೆ.

"ಭಾಳ ಛಲೋ ಓದಿದಿ, ತಂಗಿ" ಎಂದ ಅಜ್ಜ, ತಡಕಾಡಿ ಕೋಟನ್ನು ಅಣ್ಣನ ಹೆಗಲಿಗೇ ಹಾಕಿದ. "ಹೆಣ್ಮಕ್ಕಳಿಗೆ ಕೋಟು ಯಾಕವ್ವಾ?"

ಅಂಚು ನೆಲಕ್ಕೆ ತಾಗುವುದನ್ನು ಕೈಯಿಂದ ಮುಟ್ಟಿ ತಿಳಿದು, "ನೀ ಹಿಂದ ಎತ್ತಿ ಹಿಡಿ. ಹಿತ್ತಲದಾಗ ನಿಮ್ಮವ್ವಗ ತೋರಿಸಿ ಬರ್ರಿ" ಎಂದ.

ನಾನು ಎತ್ತಿ ಹಿಡಿದೆ. ಬಚ್ಚಲ ನೀರಿನ ಕೆಸರು ಬರುವವರೆಗೂ ಬಿಡಲಿಲ್ಲ.