ಬಲಗಾಲಿಟ್ಟ ರೋಬೋಟ್

ಮದುವೆಯ ಮಾತುಕತೆಯಲ್ಲೇ ಅತ್ತೆ, "ಬಣ್ಣ ಹಚ್ಚೋ ಕೆಲಸ ನಮ್ಮ ಮನೆಗೆ ಬೇಡ" ಎಂದಿದ್ದರು. ಹಾಗಾಗಿ ಬಾಹ್ಯಾಕಾಶದ ಕಥೆಯ ಟಿವಿ ಧಾರಾವಾಹಿಯೊಂದರಲ್ಲಿ ತಗಡಿನ ರೋಬೋಟ್ ವೇಷದೊಳಗೆ ಇರುವವಳು ತಾನೇ ಎಂದು ಸೊಸೆ ಬಾಯಿ ಬಿಟ್ಟಿರಲಿಲ್ಲ. ಚಾನೆಲ್ಲಿನ ಆಫೀಸಿನಲ್ಲಿ ಕೆಲಸ ಎಂದಷ್ಟೇ ಹೇಳಿದ್ದಳು. ಈಗ ಅದೇ ರೋಬೋಟಿನ ಮೇಲೆ ಸಿನಿಮಾ ಬಂದಿತ್ತು. ಅತ್ತೆ ಹಟ ಹಿಡಿದು ಮೊದಲ ದಿನವೇ ಅವಳನ್ನು ಎಳೆದುಕೊಂಡು ಬಂದಿದ್ದರು.

ತೆರೆಯ ಮೇಲೆ ರೋಬೋಟ್ ಕಾಣಿಸಿಕೊಂಡದ್ದೇ ತಡ, ಶಿಳ್ಳೆಗೆ ಥಿಯೇಟರ್ ನಡುಗಿತು. ಚೂರು ಕಾಗದ ಹಾರಿತು. ಸೊಸೆಗೆ ಎದ್ದು ಕುಣಿಯಬೇಕೆನಿಸಿತು. ಕೈ ಮಾತ್ರ ಸೀಟಿನ ಹಿಡಿಯನ್ನು ಬಿಡಲಿಲ್ಲ. ಅಷ್ಟರಲ್ಲಿ ರೋಬೋಟ್ ಅನ್ಯಗ್ರಹದವರ ನೌಕೆಯ ಬಾಗಿಲಿಗೆ ಬಂದು, ಒಂದು ಕ್ಷಣ ನಿಂತು, ಹೊಸ್ತಿಲು ತುಳಿಯದೆ ಬಲಗಾಲನ್ನು ಒಳಗಿಟ್ಟಿತು.

ಪಕ್ಕದ ಸೀಟಿನ ಹೆಂಗಸು ಬಿದ್ದು ಬಿದ್ದು ನಕ್ಕಳು. "ನೋಡ್ರೀ ಅಮ್ಮ, ಮದುಮಗಳ ಥರ ಬಲಗಾಲಿಟ್ಟು ಹೋಯ್ತು! ಈ ಡಬ್ಬಕ್ಕೆ ಇದನ್ನೆಲ್ಲ ಯಾರು ಹೇಳಿಕೊಟ್ರೋ?"

ಸೊಸೆ ತನ್ನ ಬಲಗಾಲನ್ನು ಸೀಟಿನ ಕೆಳಗೆ ಎಳೆದುಕೊಂಡಳು.

ಅತ್ತೆ ಪಾಪ್‌ಕಾರ್ನ್ ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿ, ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಶಿಳ್ಳೆ ಹೊಡೆದು, ಆ ಹೆಂಗಸಿನತ್ತ ತಿರುಗಿದರು.

"ನಾನೇ ಕಣಮ್ಮ, ಇವಳನ್ನ ಮನೆ ತುಂಬಿಸಿಕೊಂಡ ದಿನ."