ಮೊದಲ ಸಿಹಿ

"ಅಯ್ಯೋ ತಾತ, ಅಗಿಯೋದು ನಿಲ್ಸಿ! ಮೊದ್ಲು ಉಗೀರಿ ಅದನ್ನ!"

ನರ್ಸ್ ಕೋಮಲಾ ಕೂಗಿದ ರಭಸಕ್ಕೆ ಶಿಶುಗಳ ವಾರ್ಡಿನ ಬಾಗಿಲಲ್ಲಿದ್ದ ಅಜ್ಮತುಲ್ಲಾ ಸಾಬರು ಬೆಚ್ಚಿಬಿದ್ದರು. ಗುಬ್ಬಿಯಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಮುಚ್ಚಿ, ಮೊದಲ ಬಸ್ಸಿಗೇ ತುಮಕೂರಿಗೆ ಓಡಿ ಬಂದಿದ್ದರು. ಗಡ್ಡದಲ್ಲಿ ಇನ್ನೂ ಹತ್ತಿ ಅಂಟಿತ್ತು.

"ನಮ್ಮಲ್ಲಿ ಪದ್ಧತಿ ಕಣಮ್ಮ. ಕೂಸು ಹುಟ್ಟಿದ್ರೆ ಮನೆ ಹಿರೀಕರು ಖರ್ಜೂರ ಅಗಿದು ಅದ್ರ ಅಂಗುಳಿಗೆ ಸವರ್ಬೇಕು. ನನ್ ಮಗಳು ಮುಬಶ್ಶಿರಾಗೆ ನಮ್ಮಪ್ಪ ಸವರಿದ್ರು. ಅವಳ ಮಗೀಗೆ ನಾನು."

ಕೋಮಲಾ ದನಿ ತಗ್ಗಿಸಿದಳು. "ಬಸುರೀಲಿ ಅವ್ರಿಗೆ ಜ್ವರ ಬಂದಿತ್ತಲ್ಲ ತಾತ, ಆ ಸೋಂಕು ಹೊಟ್ಟೇಲಿದ್ದ ಕೂಸಿಗೂ ತಗುಲಿದೆ. ಆವತ್ತಿಂದ ಆ ಪುಟ್ಟ ಮೈ ಒಳಗೊಳಗೇ ಗುದ್ದಾಡ್ತಾನೇ ಇದೆ. ಹುಟ್ಟೋ ಹೊತ್ತಿಗೆ ತಡ್ಕೊಳೋ ಶಕ್ತೀನೇ ಸೋತೋಗಿದೆ. ನಮಗೆ ನೆಗಡೀನೂ ಬರಿಸದಂಥ ಕ್ರಿಮಿ ಸಾಕು ಅದಕ್ಕೆ. ನಿಮ್ ಎಂಜಲು ಬೇಡ."

ಇಳಿಯಿತೆಂದು ಮನೆಯವರೆಲ್ಲ ಮರೆತೇಬಿಟ್ಟಿದ್ದ ಜ್ವರ. ಹಾಳಾದ್ದು, ಇಳಿದಿರಲಿಲ್ಲ, ಕೂಸಿನೊಳಗೆ ಹೋಗಿ ಕೂತಿತ್ತು. ಸಾಬರು ಬಾಯಲ್ಲಿದ್ದುದನ್ನು ಕರವಸ್ತ್ರಕ್ಕೆ ಉಗಿದರು.

ಆಮೇಲೆ ದಿನಾ ಬಂದರು, ಜೇಬಿನಲ್ಲೊಂದು ಖರ್ಜೂರ ಇಟ್ಟುಕೊಂಡೇ. ಬಾಗಿಲ ಹೊರಗಿನ ನಲ್ಲಿಯಲ್ಲಿ ಕೋಮಲಾ ಹೇಳಿಕೊಟ್ಟ ಹಾಗೆ ಮೊಣಕೈವರೆಗೂ ಸೋಪು ಹಚ್ಚಿ, ಉಗುರಿನ ಸಂದಿಯ ಹತ್ತಿಯನ್ನೂ ಬಿಡದೆ ಉಜ್ಜುವರು. ಕೂಸನ್ನಿಟ್ಟಿದ್ದ ಗಾಜಿನ ಪೆಟ್ಟಿಗೆಯೊಳಗೆ ಕೈಯಿಟ್ಟು, ವೈರುಗಳ ನಡುವೆ ಅದರ ಒಂದು ಬೆರಳು ಮುಟ್ಟುವರು. ಅಷ್ಟಕ್ಕೇ ಅವರಿಗೆ ಸ್ವರ್ಗ.

"ಇವತ್ತಾದ್ರೂ ಸವರ್ಲೇನಮ್ಮ?"

"ಇನ್ನೂ ಸ್ವಲ್ಪ ಗಟ್ಟಿ ಆಗ್ಲಿ ತಾತ."

"ಆಗ್ತಾನೆ ಬುಡು. ಯಾರ ಮೊಮ್ಮಗ ಅವ್ನು!"

ಒಂದು ಬೆಳಿಗ್ಗೆ ಕೋಮಲಾ ಬಾಗಿಲಲ್ಲೇ ಕಾದು ನಿಂತಿದ್ದಳು.

"ಖರ್ಜೂರ ತಂದಿದೀರಾ ತಾತ? ಸವರಿ ಬನ್ನಿ. ಡಾಕ್ಟ್ರು ಹೂಂ ಅಂದ್ರು."

ಸಾಬರ ಮುಖ ಇಷ್ಟಗಲವಾಯಿತು. "ನಿಜವಾಗ್ಲೂ? ಗಟ್ಟಿ ಆದ್ನಾ? ತಡಿಯಮ್ಮ, ಕೈ ತೊಳ್ಕೊಂಡ್ ಬಂದೆ."

"ಕೈ ತೊಳಿಯೋದು ಬೇಡ ತಾತ." ಅವಳು ನೆಲ ನೋಡುತ್ತಿದ್ದಳು. "ಹಂಗೇ ಬನ್ನಿ. ಬೇಗ."

ಸಾಬರು ಅವಳ ಭುಜದ ಮೇಲಿಂದ ಇಣುಕಿದರು. ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. ಮುಬಶ್ಶಿರಾ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರ ಮೈಮೇಲೆ ಈಗ ಒಂದು ವೈರೂ ಇರಲಿಲ್ಲ. ಎದೆ ಮಾತ್ರ ಬಿಟ್ಟು ಬಿಟ್ಟು ಏಳುತ್ತಿತ್ತು.

ಸಾಬರು ನಲ್ಲಿಯತ್ತ ಹೊರಳಿದರು. ಅದನ್ನು ತಿರುಗಿಸಿ ಮೊಣಕೈವರೆಗೂ ಸೋಪು ಹಚ್ಚಿದರು.

"ತಾತ, ಬೇಡ ಅಂದ್ನಲ್ಲಾ..."

"ಇಲ್ಲ ಕಣಮ್ಮ," ಎಂದರು ಉಗುರು ಉಜ್ಜುತ್ತ, "ಕೂಸಿಗೆ ಸೋಂಕು ತಗುಲ್ಬಿಡ್ತದೆ."